ಉಪಗ್ರಹ ಮೇಲೆ ಹೋಗಲಿ, ಬಾಯಾರು ಇಲ್ಲೇ ಇರಲಿ

ಆಕಾಶಕ್ಕೆ ಉಪಗ್ರಹ ಕಳಿಸುವ ಸರಕಾರಿ ಇಲಾಖೆಯಲ್ಲಿದ್ದೇನೆ ಎಂದರೆ ನಮ್ಮ ಊರ ಕಡೆಯ ಜನ ನನ್ನನ್ನು ವಿಜ್ಞಾನಿ ಎಂದೇ ತಿಳಿಯುತ್ತಾರೆ. ಮೇಲೆ ಕಳಿಸುವವರು ಬೇರೆ. ಅದನ್ನು ಕಟ್ಟುವ ಜನ ಕೆಲಸ ಬಿಟ್ಟು ಹೋಗದಂತೆ ಕೆಳಗೆ ಹಿಡಿದು ಕೂಡ್ರಿಸುವುದು ನನ್ನ ಪಾಲಿನ ಕೆಲಸ. ಕಳಿಸುವುದಕ್ಕಿಂತ ಕೂಡ್ರಿಸುವುದು ಕಠಿಣ. ಈ ಕೆಲಸದಲ್ಲಿ ಒಂದು ನಗೆಯ ಪ್ರಸಂಗ ಮುಗಿಯಿತು ಎಂದು ನಾನು ಕನ್ನಡಕ ಒರೆಸಿಕೊಳ್ಳುವುದರೊಳಗೆ ಮತ್ತೊಂದು ಬಂದು ಬಾಗಿಲಲ್ಲಿ ನಿಂತಿರುತ್ತದೆ.

ಗೋವೆಯ ಮುರ್ಮುಗಾಂವ್ ಬಂದರು ಕಾಣುವ ಗುಡ್ಡದ ಮೇಲೆ ನಮ್ಮದೊಂದು ಸಣ್ಣ ಕೇಂದ್ರವಿದೆ. ಉಪಗ್ರಹದ ಹೊಟ್ಟೆಯೊಳಗೆ ಕೂಡುವ ಸರ್ಕ್ಯೂಟ್ ಬೋರ್ಡುಗಳನ್ನು ಇಲ್ಲಿ ಕೈಯಿಂದ ಬೆಸೆಯುತ್ತಾರೆ. ಕೂದಲಿನಷ್ಟು ತೆಳುವಾದ ತಂತಿ, ಸಾಸಿವೆಗಿಂತ ಸಣ್ಣ ಬೆಸುಗೆ. ಮೇಲೆ ಹೋದಮೇಲೆ ಯಾರೂ ಏಣಿ ಹಾಕಿ ಹತ್ತಿ ರಿಪೇರಿ ಮಾಡಲಾರರು, ಆದ್ದರಿಂದ ಕೆಲಸ ಮೊದಲೇ ಗಟ್ಟಿ ಇರಬೇಕು. ಅಂಥ ಕೈ ನಮ್ಮಲ್ಲಿ ಒಂದೇ ಇತ್ತು. ಸಾಂಖಳಿ ಕಡೆಯ ಒಬ್ಬ ಹೆಣ್ಣುಮಗಳು. ಮೇಡಂ ಎನ್ನುವಲ್ಲಿ ನಮ್ಮ ಕಡೆ ಬಾಯಾರು ಎನ್ನುತ್ತಾರೆ, ಹಾಗೆ ನಾವು ಅವರನ್ನು ಬೆಸುಗೆ ಬಾಯಾರು ಎನ್ನುತ್ತೇವೆ.

ಗೋವೆಯಲ್ಲಿ ಕೈಯಲ್ಲಿ ಕೆಲಸವಿದ್ದವರನ್ನು ಉಳಿಸಿಕೊಳ್ಳುವುದು ಭಾಳ ಕಷ್ಟ. ಅರ್ಧ ಜನಕ್ಕೆ ಹಡಗು ಕರೆಯುತ್ತದೆ. ಇನ್ನರ್ಧ ಜನಕ್ಕೆ, ಅಜ್ಜ ಪೋರ್ಚುಗೀಸರ ಕಾಲದಲ್ಲಿ ಹುಟ್ಟಿದ್ದ ಎಂಬ ಒಂದೇ ಪುಣ್ಯಕ್ಕೆ, ಲಿಸ್ಬನ್ನಿನ ಪಾಸ್‌ಪೋರ್ಟು ಸಿಗುತ್ತದೆ. ಬಾಯಾರ ತಮ್ಮ ಆ ಪುಣ್ಯದ ಮೇಲೆಯೇ ಹೋದವನು. ಅಲ್ಲಿ ಒಂದು ಕಾರಖಾನೆಯಲ್ಲಿದ್ದುಕೊಂಡು, ಅಕ್ಕಾ ನೀನೂ ಬಾ, ದೀಪಾವಳಿಯೊಳಗೆ ಬಂದುಬಿಡು ಎಂದು ವಾರವಾರ ಫೋನು ಮಾಡಲಾರಂಭಿಸಿದ.

ಈ ಸುದ್ದಿ ಮೇಲಿನ ಕಚೇರಿಗೆ ಮುಟ್ಟಿತು. ಅವರು ಸಮಾಧಾನದಿಂದಲೇ ಹೇಳಿದರು: ಬಾಯಾರು ಹೋದರೆ ಬೆಸುಗೆ ವಿಭಾಗವನ್ನೇ ಪೂರ್ವ ಕರಾವಳಿಯ ತೆಲುಗು ನಾಡಿನ ದೊಡ್ಡ ಕೇಂದ್ರಕ್ಕೆ ಎತ್ತುತ್ತೇವೆ, ಸಿಬ್ಬಂದಿ ಸಮೇತ. ಆ ಸಿಬ್ಬಂದಿಯಲ್ಲಿ ನಾನೂ ಒಬ್ಬ. ಮನೆಗೆ ಬಂದು ಹೆಂಡತಿಗೆ ಹೇಳಿದೆ. ಆಕೆ ಮೆಂತ್ಯ ಬಿಡಿಸುತ್ತಿದ್ದವಳು ಕೈ ನಿಲ್ಲಿಸಲಿಲ್ಲ.

“ಇಷ್ಟು ವರ್ಷಕ್ಕ ಈಗ ಪ್ಯಾಟ್ಯಾಗ ಕೊಂಕಣಿಯೊಳಗ ಜಗಳಾಡಾಕ ಕಲತೇನಿ. ಇನ್ನ ತೆಲುಗಿನ್ಯಾಗ ಮೊದಲಿಂದ ಜಗಳಾಡಾಕ ನನ್ನ ಕೈಲೆ ಆಗೂದಿಲ್ಲ ನೋಡ್ರಿ. ಮಗಳ ಕಾಲೇಜು ಐತಿ. ಆ ಬಾಯಾರನ್ನ ಹೆಂಗರ ಮಾಡಿ ಇಟಗೋರಿ.”

ಅಂದರೆ ಬಾಯಾರು ಹೋದರೆ ನನ್ನ ಸಂಸಾರವೂ ಗಂಟುಮೂಟೆ ಕಟ್ಟಬೇಕು. ಮುಂದಿನದೆಲ್ಲ ಅವರನ್ನು ಉಳಿಸಿಕೊಳ್ಳಲು ನಾವು ಪಟ್ಟ ಪಾಡು. ಇಲ್ಲಿಯ ಜನ ಕೊಂಕಣಿ, ಹಿಂದಿ ಕಲಸಿ ಆಡಿದ್ದನ್ನು ನಾನು ನಮ್ಮ ಮಾತಿಗೆ ಹೊರಳಿಸಿ ಬರೆದಿದ್ದೇನೆ.

ಶಾಲು

ನಮ್ಮ ಕೇಂದ್ರದ ಮುಖ್ಯಸ್ಥರು ಮೈಸೂರು ಕಡೆಯವರು, ಮೆತ್ತಗೆ ಮಾತಾಡುವವರು. ಎಲ್ಲರೂ ಅವರನ್ನು ಹಿರಿಯ ಸಾಹೇಬರು ಎನ್ನುತ್ತೇವೆ. ಒಂದು ದಿನ ನನ್ನನ್ನು ಕರೆದು ವಿಚಾರ ಮಾಡುವ ಧಾಟಿಯಲ್ಲಿ ಹೇಳಿದರು. ಬಿಟ್ಟು ಹೋಗುವವರಿಗೆ ನಾವು ಶಾಲು ಹೊದಿಸುತ್ತೇವೆ, ಹಾರ ಹಾಕುತ್ತೇವೆ, ತೆಂಗಿನಕಾಯಿ ಕೊಟ್ಟು ಜೀಪಿನಲ್ಲಿ ಮನೆಗೆ ಮುಟ್ಟಿಸುತ್ತೇವೆ. ಇರುವವರಿಗೆ ಏನೂ ಇಲ್ಲ. ಹೋಗುವುದರಲ್ಲೇ ಮರ್ಯಾದೆ ಎಂದಮೇಲೆ ಜನ ಹೋಗದೆ ಏನು ಮಾಡಿಯಾರು? ಇನ್ನು ಮೇಲೆ ಉಳಿದವರಿಗೆ ಸನ್ಮಾನ ಮಾಡೋಣ.

ಮಾತು ನನಗೆ ಒಪ್ಪಿಗೆಯಾಯಿತು. ನೇರವಾಗಿ ಬಾಯಾರಿಂದ ಸುರು ಮಾಡುವುದು ಬೇಡ, ಮೊದಲು ಬೇರೊಬ್ಬರ ಮೇಲೆ ಮಾಡಿ ನೋಡೋಣ ಎಂದು ಲೇಥ್ ಯಂತ್ರದ ಮೇಸ್ತ್ರಿಯನ್ನು ಆರಿಸಿದೆವು. ಬಾಗಲಕೋಟೆ ಕಡೆಯ ಮನುಷ್ಯ, ಗುಡ್ಡದ ಕೆಳಗೆ ನಮ್ಮ ಕನ್ನಡದ ಜನರ ವಠಾರದಲ್ಲೇ ಮನೆ. ಹಡಗಿನವರು ಕರೆದರೂ ಹೋಗದವನು. ಅವನಿಗೆ ಶಾಲು, ಹಾರ, ಕಾಯಿ ಎಲ್ಲ ಆಯಿತು. ಹಿರಿಯ ಸಾಹೇಬರು ಸಂತೋಷ ತಡೆಯಲಾರದೆ ಜೀಪಿನಲ್ಲಿ ಕಳಿಸಿಕೊಟ್ಟರು.

ಜೀಪು ವಠಾರದ ಬಾಯಿಗೆ ನಿಂತಿತು. ಕೊರಳಲ್ಲಿ ಹಾರ, ಹೆಗಲ ಮೇಲೆ ಶಾಲು, ಕೈಯಲ್ಲಿ ಕಾಯಿ ಹಿಡಿದು ಮೇಸ್ತ್ರಿ ಇಳಿದ. ಕಟ್ಟೆಯ ಮೇಲೆ ಕುಳಿತಿದ್ದ ಅವನ ತಾಯಿ ನೋಡಿದವರೇ ಸೆರಗು ಬಾಯಿಗೆ ಒತ್ತಿಕೊಂಡರು. ಇಷ್ಟು ಲಗೂ ನೌಕರಿ ಮುಗೀತೇನೋ ತಮ್ಮಾ ಎಂದು ಅತ್ತರು. ಅವನು ಏನು ಹೇಳಿದರೂ ಯಾರೂ ಕೇಳಲಿಲ್ಲ. ಕೆಲಸದಲ್ಲಿ ಇರುವವನಿಗೆ ಯಾರಾದರೂ ಶಾಲು ಹೊದಿಸುತ್ತಾರೆಯೇ? ಅಕ್ಕಪಕ್ಕದವರು ಚಹಾ ತಂದು ಕೊಟ್ಟರು. ಒಬ್ಬರು, ಇನ್ನ ಮುಂಜಾನೆ ನಮ್ಮ ಕೂಡ ವಾಕಿಂಗ ಬರ್ರಿ, ಹೊತ್ತು ಹೋಗತೈತಿ ಎಂದು ಧೈರ್ಯ ತುಂಬಿದರು. ಅವನ ಮಗಳನ್ನು ನೋಡಿ ಹೋಗಿದ್ದ ಬೀಗರ ಕಡೆಯಿಂದ, ಏನಾತಂತ ಎಂದು ಫೋನು ಬಂತು.

ಮರುದಿನ ಅವನು ಬುತ್ತಿ ಹಿಡಿದು ಕೆಲಸಕ್ಕೆ ಹೊರಟಾಗ ಇಡೀ ವಠಾರ ಬಾಗಿಲಲ್ಲಿ ನಿಂತು ನೋಡಿತಂತೆ. ಪಾಪ, ರೂಢಿ ಬಿಟ್ಟಿಲ್ಲ ಎಂದು ಒಬ್ಬರು ಅಂದದ್ದು ಅವನ ಕಿವಿಗೇ ಬಿತ್ತು.

ಬಂದವನೇ ಶಾಲನ್ನು ನೀಟಾಗಿ ಮಡಿಚಿ ನನ್ನ ಮೇಜಿನ ಮೇಲೆ ಇಟ್ಟ.

“ಸಾಹೇಬರ, ಇದನ್ನ ಒಳಗ ಇಡ್ರಿ. ನಾ ಖರೇನ ರಿಟೈರ್ ಆದಾಗ ಕೊಡೀರಂತ. ಅಲ್ಲೀತನಕಾ ದಯಮಾಡಿ ನನ್ನ ಮರ್ಯಾದಿ ಮಾಡಬ್ಯಾಡ್ರಿ.”

ನಾಳೆ ಸಂಜೆ

ಶಾಲಿನ ಸುದ್ದಿ ಕೇಳಿ ಬಾಯಾರು ಮುಸಿಮುಸಿ ನಕ್ಕರೇ ಹೊರತು ಇರುತ್ತೇನೆ ಎನ್ನಲಿಲ್ಲ. ಆಗ ಹಿರಿಯ ಸಾಹೇಬರು, ಬಾಯಾರ ಬದಲಿಗೆ ಇನ್ನೊಂದು ಕೈ ತಯಾರಿರಲಿ ಎಂದರು. ಎಳೆಯ ಪದವೀಧರರನ್ನು ಕೂಡ್ರಿಸಿ ನೋಡಿದೆವು. ಅವರ ಕೈ ಫೋನಿನ ಮೇಲೆ ಮಾತ್ರ ಸ್ಥಿರವಾಗಿತ್ತು. ಸೂಕ್ಷ್ಮ ಕೆಲಸ ರಕ್ತದಲ್ಲೇ ಇರುವವರನ್ನು ತರೋಣ ಎಂದು ನಾನು ಸೂಚಿಸಿದೆ. ಕುಡಚಡೆಯಿಂದ ಒಬ್ಬ ಅಕ್ಕಸಾಲಿಗ ಬಂದ. ತಲೆ ಅರ್ಧ ಬೆಳ್ಳಗಾದ, ಮಾತು ಕಡಿಮೆಯ ಮನುಷ್ಯ. ಆಭರಣವೆಲ್ಲ ಈಗ ಯಂತ್ರದಲ್ಲೇ ಆಗುತ್ತದೆ, ಸರಕಾರದ ಕೆಲಸ ಸಿಕ್ಕರೆ ಚಲೋ ಎಂದು ಗುತ್ತಿಗೆಯ ಮೇಲೆ ಸೇರಿಕೊಂಡ.

ಅವನ ಕೈ ನೋಡಿ ಬಾಯಾರೇ ತಲೆದೂಗಿದರು. ನಾನು ಮನೆಗೆ ಹೋಗಿ ಹೆಂಡತಿಗೆ, ತೆಲುಗು ಕಲಿಯುವುದು ತಪ್ಪಿತು ಎಂದೆ.

ಎರಡನೆಯ ದಿನ ಅವನು ಬಾಗಿಲು ಹಾಕಿಕೊಂಡು ನನ್ನೊಡನೆ ಗುಟ್ಟಾಗಿ ಮಾತಾಡಿದ. ಬೋರ್ಡಿನ ತುದಿಗೆ ಚಿನ್ನದ ಲೇಪ ಹಚ್ಚಿದ ಸಣ್ಣ ಮೊಳೆಗಳಿರುತ್ತವೆ. ಅಂಥದ್ದೊಂದನ್ನು ರೂಢಿಯ ಪ್ರಕಾರ ಒರೆಗಲ್ಲಿಗೆ ತಿಕ್ಕಿ ನೋಡಿದ್ದ. ಒಳಗೆ ಬರೀ ಹಿತ್ತಾಳೆ, ನಿಮಗ್ಯಾರೋ ಟೋಪಿ ಹಾಕಿದ್ದಾರೆ, ಅಂಗಡಿಯವನ ಹೆಸರು ಹೇಳಿ ನಾನು ಮಾತಾಡುತ್ತೇನೆ ಎಂದ. ಉಪಗ್ರಹಕ್ಕೆ ಇಷ್ಟೇ ಸಾಕಪ್ಪಾ, ಅದು ಮದುವೆಗೆ ಹೋಗುವುದಿಲ್ಲ ಎಂದು ನಾನು ತಿಳಿಸಿ ಹೇಳಬೇಕಾಯಿತು.

ಅಷ್ಟು ನಡೆಯುತ್ತಿತ್ತು. ನಡೆಯದೆ ಹೋದದ್ದು ಮುಂದಿನದು. ಅವನಿಗೆ ಒಂದು ಬೋರ್ಡು ಕೊಟ್ಟು, ಇದು ಯಾವಾಗ ಮುಗಿಯುತ್ತದೆ ಎಂದು ಹಿರಿಯ ಸಾಹೇಬರು ಕೇಳಿದರು. ಅವನು ತಲೆ ಎತ್ತದೆ, ನಾಳೆ ಸಂಜೆಗೆ ಬರ್ರಿ ಎಂದ. ಮರುದಿನ ಸಂಜೆ ಹೋದರೆ, ಆಗಿದೆ, ಸ್ವಲ್ಪ ಪಾಲಿಶ್ ಉಳಿದಿದೆ, ನಾಳೆ ಬರ್ರಿ. ಅದರ ಮರುದಿನ, ಮನೆಯಲ್ಲಿ ನೆಂಟರು ಬಂದಿದ್ದರು, ನಾಳೆ ಖಂಡಿತ. ಅಮಾವಾಸ್ಯೆ ಬಂತು, ಅದರ ಮೇಲೊಂದು ಹಬ್ಬ ಬಂತು. ದೇಶದ ಬಾಹ್ಯಾಕಾಶ ಕೇಂದ್ರದ ಮುಖ್ಯಸ್ಥರು ಮಗಳ ಬೆಂಡೋಲೆಗೆ ಅಲೆಯುವ ತಂದೆಯ ಹಾಗೆ ಅವನ ಮೇಜಿನ ಮುಂದೆ ದಿನಾ ಬಂದು ನಿಲ್ಲತೊಡಗಿದರು.

ಕಡೆಗೆ ಸಾಹೇಬರು ತಮ್ಮ ಮಟ್ಟಿಗೆ ಗದರಿಸಿದರು. ರಾಕೆಟ್ಟು ಹಾರುವ ದಿನ ಗೊತ್ತಾಗಿದೆ, ಅದು ನಿಮಗಾಗಿ ನಿಲ್ಲುವುದಿಲ್ಲ ಎಂದರು.

ಅಕ್ಕಸಾಲಿಗ ಕಣ್ಣಿನ ಭೂತಕನ್ನಡಿ ತೆಗೆದು ಅವರನ್ನು ಕನಿಕರದಿಂದ ನೋಡಿದ.

“ನಮ್ಮ ಸಲುವಾಗಿ ಮುಹೂರ್ತಾನ ನಿಂತಾವ್ರಿ ಸಾಹೇಬರ. ಮದುಮಗಳು ಮಂಟಪದಾಗ ಕುಂತಾಳ, ತಾಳಿ ನಮ್ಮ ಅಂಗಡ್ಯಾಗ ಐತಿ. ಇನ್ನ ರಾಕೆಟ್ಟೇನು ನಿಲ್ಲದ ಎಲ್ಲಿ ಹೋಗತೈತಿ?”

ಶುಭ ಸೋಮವಾರ

ಹೀಗಾಗಿ ಮತ್ತೆ ಬಾಯಾರೇ ಗತಿ ಎಂದಾಯಿತು. ಏನು ಕಡಿಮೆಯಾಗಿದೆ ಹೇಳ್ರಿ ಎಂದು ನಾನೇ ಕೇಳಿದೆ. ಅವರು ತುಸು ಯೋಚಿಸಿ, ನೀವು ಬೇಸರ ಮಾಡಿಕೊಳ್ಳಬಾರದು, ಈ ಕ್ಯಾಂಟೀನಿನ ಊಟ ಎಂದರು.

ಕ್ಯಾಂಟೀನಿನ ಉಸ್ತುವಾರಿ ನನ್ನದು. ನಾನು ಹಣೆಗೆ ವಿಭೂತಿ ಇಲ್ಲದೆ ಹೊಸಿಲು ದಾಟುವವನಲ್ಲ. ನನ್ನ ಕಾಲದಲ್ಲಿ ಅಲ್ಲಿ ಬದನೆಕಾಯಿ, ಬೇಳೆ, ರೊಟ್ಟಿ ಚಲೋ ನಡೆದಿದ್ದವು. ಸಮುದ್ರ ಕಿಟಕಿಯಲ್ಲಿ ಕಾಣುತ್ತದೆ, ತಾಟಿನಲ್ಲಿ ಮೀನಿಲ್ಲ, ಇದಕ್ಕಿಂತ ದೊಡ್ಡ ಶಿಕ್ಷೆ ಗೋವೆಯವರಿಗೆ ಯಾವುದಿದೆ ಎಂದು ಬಾಯಾರು ಕೇಳಿದರು. ರಾತ್ರಿ ಶಿವಪೂಜೆಯಲ್ಲಿ ಕುಳಿತು ಅಪ್ಪಣೆ ಬೇಡಿದೆ. ತಿನ್ನುವವರ ಪಾಪ ತಿನ್ನುವವರಿಗೆ, ತರಿಸುವವನಿಗೆ ಸಂಸಾರ ಉಳಿಸಿಕೊಂಡ ಪುಣ್ಯ ಎಂದು ನನಗೆ ನಾನೇ ತೀರ್ಪು ಕೊಟ್ಟುಕೊಂಡೆ.

ಮರುದಿನ ಪೇಟೆಗೆ ಹೋದೆ. ಮೀನು ಮಾರುವ ಹೆಂಗಸು ನನ್ನ ಹಣೆ ನೋಡಿ, ಅಣ್ಣಾ, ದೇವಸ್ಥಾನದ ದಾರಿ ಆ ಕಡೆ ಎಂದಳು. ಇಲ್ಲವ್ವಾ, ಮೀನೇ ಬೇಕು ಎಂದು ಕಣ್ಣು ಅರ್ಧ ಮುಚ್ಚಿ, ಇವು ತಾಜಾ ಇವೆಯೇ ಎಂದೆ.

“ಕಣ್ಣು ತೆರದು ನೋಡಿದರ ಗೊತ್ತಾಗತೈತಿ. ಮುಚ್ಚಿಕೊಂಡು ಕೇಳಿದರ ಮೀನು ಏನು ಎದ್ದು ಹೇಳತೈತೇನು?”

ತೆರೆದು ನೋಡಿದೆ. ಬುಟ್ಟಿಯಲ್ಲಿ ಎಲ್ಲಕ್ಕಿಂತ ಸೌಮ್ಯ ಮುಖವಿದ್ದ ಜಾತಿಯನ್ನು ತೋರಿಸಿ, ಇಂಥವೇ ಬರಲಿ ಎಂದೆ. ಎಂದು ಕಳಿಸಲಿ ಎಂದಳು. ನಾನು ಯಾವ ಒಳ್ಳೆಯ ಕೆಲಸವನ್ನೂ ಒಳ್ಳೆಯ ದಿನ ನೋಡದೆ ಸುರು ಮಾಡಿದವನಲ್ಲ. ಪಂಚಾಂಗ ನೋಡಿಯೇ ಬಂದಿದ್ದೆ. ಬರುವ ಸೋಮವಾರ, ಶ್ರಾವಣದ ಮೊದಲನೇ ಸೋಮವಾರ ಎಂದೆ. ಸೋಮವಾರವಾ ಎಂದು ಆಕೆ ಮತ್ತೊಮ್ಮೆ ಕೇಳಿದಳು. ಹೌದವ್ವಾ, ಶಿವನ ವಾರ, ಅದಕ್ಕಿಂತ ಶುಭ ದಿನ ಮತ್ತೊಂದಿಲ್ಲ ಎಂದು ಗಟ್ಟಿಯಾಗಿ ಹೇಳಿದೆ. ಆಕೆ ಪಕ್ಕದವಳ ಕಡೆ ನೋಡಿ, ಇವನ ಶಿವ ಬೇರೆ ಇರಬೇಕು ಎಂದಳು.

ಸೋಮವಾರ ಬಂತು. ಕ್ಯಾಂಟೀನಿನ ಬಾಗಿಲಿಗೆ ತೋರಣ ಕಟ್ಟಿಸಿದ್ದೆ. ಹಿರಿಯ ಸಾಹೇಬರು ಎರಡು ಮಾತಾಡಿದರು. ತಾಟುಗಳಲ್ಲಿ ಮೀನಿನ ಸಾರು ಬಿದ್ದಿತು. ಯಾರೂ ಮುಟ್ಟಲಿಲ್ಲ. ಬಾಯಾರು ತಾಟನ್ನು ನಿಧಾನವಾಗಿ ಆಚೆ ಸರಿಸಿ, ಸೋಮವಾರ ಇಲ್ಲಿ ಹಿಂದೂಗಳು ಯಾರೂ ತಿನ್ನುವುದಿಲ್ಲ, ಅದರಲ್ಲೂ ಶ್ರಾವಣ ಸುರುವಾದರೆ ಚೌತಿಯವರೆಗೆ ಮನೆಯಲ್ಲಿ ಮೀನಿನ ಹೆಸರು ಸಹ ಎತ್ತುವುದಿಲ್ಲ ಎಂದರು. ನನಗೆ ಹುಟ್ಟಿದಾಗಿನಿಂದ ಎಲ್ಲ ವಾರವೂ ಮೀನಿಲ್ಲದ ವಾರವೇ. ತಿನ್ನುವವರಿಗೂ ಬಿಡುವ ವಾರ ಇರುತ್ತದೆ ಎಂದು ಯಾವ ಗುರುಗಳೂ ನನಗೆ ಹೇಳಿಕೊಟ್ಟಿರಲಿಲ್ಲ.

ಉಂಡವನು ಒಬ್ಬನೇ, ನಮ್ಮ ಜೀಪಿನ ಡ್ರೈವರು. ಕ್ರೈಸ್ತರವನು, ಅವನಿಗೆ ವಾರದ ಹಂಗಿರಲಿಲ್ಲ. ತನ್ನದು ಮುಗಿಸಿ ಆಚೀಚೆಯ ತಾಟುಗಳನ್ನೂ ಹತ್ತಿರ ಎಳೆದುಕೊಂಡ. ಕೈ ತೊಳೆದು ಬಂದು ನನ್ನ ಎರಡೂ ಕೈ ಹಿಡಿದುಕೊಂಡು, ಸಾಹೇಬರೇ, ಇನ್ನು ಸರಕಾರ ಹೊರಗೆ ದಬ್ಬಿದರೂ ನಾನು ಈ ಇಲಾಖೆ ಬಿಟ್ಟು ಹೋಗುವುದಿಲ್ಲ ಎಂದ.

ಎರಡು ಎಸಳು

ಚೌತಿ ಮುಗಿಯಿತು. ಬಾಯಾರ ತಮ್ಮ ಟಿಕೀಟು ತೆಗೆಯಲೇ ಎಂದು ಕೇಳತೊಡಗಿದ. ಬಾಯಾರು ನನ್ನ ಬಳಿ ಬಂದು ಹೇಳಿದರು: ಹೋಗಲು ಮನಸ್ಸು ಅರ್ಧ ಇದೆ, ಇರಲು ಅರ್ಧ ಇದೆ. ಊರ ದೇವರ ಮುಂದೆ ಪ್ರಸಾದ ಕೇಳುತ್ತೇನೆ. ಅವನು ಹೇಳಿದ ಹಾಗೆ.

ಇದು ಇಲ್ಲಿಯ ಪದ್ಧತಿ. ಪೂಜಾರಿ ಹೂವಿನ ಎಸಳನ್ನು ನೀರಿನಲ್ಲಿ ಅದ್ದಿ ದೇವರ ಮೂರ್ತಿಗೆ ಬಲಕ್ಕೊಂದು, ಎಡಕ್ಕೊಂದು ಅಂಟಿಸುತ್ತಾನೆ. ಭಕ್ತರ ಪ್ರಶ್ನೆಯನ್ನು ದೇವರಿಗೆ ಹೇಳುತ್ತಾನೆ. ಬಲದ ಎಸಳು ಮೊದಲು ಬಿದ್ದರೆ ಹೋಗು ಎಂದರ್ಥ, ಎಡದ್ದು ಬಿದ್ದರೆ ಬೇಡ ಎಂದರ್ಥ. ನನಗೆ ಸಮಾಧಾನವೇ ಆಯಿತು. ಶಾಲು, ಮೀನಿಗಿಂತ ಇದು ನನಗೆ ತಿಳಿಯುವ ದಾರಿ.

ಹಿರಿಯ ಸಾಹೇಬರಿಗೆ ತಿಳಿಸಿದೆ. ಅವರು, ಒಂದು ದೇಶದ ಬಾಹ್ಯಾಕಾಶ ಕಾರ್ಯಕ್ರಮ ಎರಡು ಎಸಳಿನ ಮೇಲೆ ನಿಲ್ಲಬೇಕೆ ಎಂದು ನಿಟ್ಟುಸಿರು ಬಿಟ್ಟರು. ನೀವೂ ಹೋಗಿ ಬನ್ನಿ, ಜೀಪು ತೆಗೆದುಕೊಳ್ಳಿ ಎಂದರು. ನಾನು ಬಾಗಿಲು ದಾಟುವಾಗ ಮತ್ತೆ ಕರೆದರು.

“ಎಸಳು ಎಷ್ಟು ದೊಡ್ಡದಿರುತ್ತೆ?”

ಹೆಬ್ಬೆರಳಿನ ಉಗುರಿನಷ್ಟು ಎಂದೆ. ಎರಡನ್ನೂ ಒಂದೇ ಸಮ ಒದ್ದೆ ಮಾಡುತ್ತಾರೆಯೇ, ಗರ್ಭಗುಡಿಯಲ್ಲಿ ಫ್ಯಾನು ಇದೆಯೇ, ಇದ್ದರೆ ಯಾವ ಮಗ್ಗುಲಿಗೆ ಎಂದು ಒಂದೊಂದಾಗಿ ಕೇಳಿದರು. ನಾನು ಅವರ ಮುಖ ನೋಡಿದೆ. ಅವರಿಗೆ ತುಸು ನಾಚಿಕೆಯಾಯಿತು. ನಾನು ಏನೂ ಮಾಡಿ ಎನ್ನುತ್ತಿಲ್ಲ, ಗಾಳಿ ಯಾವ ಕಡೆಯಿಂದ ಬರುತ್ತದೆ ನೋಡಿಕೊಂಡು ಬನ್ನಿ ಅಷ್ಟೇ ಎಂದರು.

ಸಾಂಖಳಿಯ ಆಚೆ ಒಂದು ಹಳ್ಳಿಯ ಗುಡಿ. ಬಾಯಾರು ರೇಷ್ಮೆ ಸೀರೆ ಉಟ್ಟು ಬಂದಿದ್ದರು. ಪೂಜಾರಿ ಎಸಳು ಅಂಟಿಸಿ ಪ್ರಶ್ನೆ ಹೇಳಲು ಸುರು ಮಾಡಿದ. ನಾನು ಗರ್ಭಗುಡಿಯ ಬಾಗಿಲಿಗೆ ಕೈ ಮುಗಿದು ನಿಂತು, ಮಹಾದೇವಾ, ಎಡಗಡೆ, ಎಡಗಡೆ ಎಂದು ಒಳಗೇ ಜಪ ಮಾಡುತ್ತಿದ್ದೆ.

ಆಗ ಬೆನ್ನು ತಣ್ಣಗಾಯಿತು. ಹಿಂದಿರುಗಿ ನೋಡಿದರೆ ಕಂಬದ ಮಗ್ಗುಲಿಗೆ ಎತ್ತರದ ಒಂದು ಫ್ಯಾನು, ಅದರ ಗಾಳಿಯೆಲ್ಲ ನನ್ನ ಬೆನ್ನಿಗೆ. ನಾನು ನಿಂತದ್ದರಿಂದಲೇ ಅದು ದೇವರವರೆಗೆ ಮುಟ್ಟುತ್ತಿರಲಿಲ್ಲ. ನನಗೆ ಅಳುಕಾಯಿತು. ಸಾಹೇಬರ ಮಾತು ಕೇಳಿ ಬಂದವನು ಗಾಳಿಗೆ ಅಡ್ಡ ನಿಂತು ದೇವರ ಮಾತು ತಡೆದ ಹಾಗಾಗಬಾರದು, ಅವನ ನಿರ್ಣಯ ಅವನಿಗೆ ಬಿಡಬೇಕು ಎಂದು ಭಕ್ತಿಯಿಂದ ಒಂದು ಹೆಜ್ಜೆ ಪಕ್ಕಕ್ಕೆ ಸರಿದೆ.

ಸರಿದದ್ದೇ ತಡ, ಬಲದ ಎಸಳು ಪಟ್ಟನೆ ಬಿತ್ತು. ಪೂಜಾರಿ ಇನ್ನೂ ಪ್ರಶ್ನೆ ಹೇಳಿ ಮುಗಿಸಿರಲಿಲ್ಲ.

ಹೋಗು ಎಂದಿದ್ದಾನೆ ತಾಯೀ, ಇಷ್ಟು ಲಗೂ ಅಪ್ಪಣೆ ಸಿಕ್ಕಿದ್ದನ್ನು ನಾನೇ ನೋಡಿರಲಿಲ್ಲ ಎಂದು ಪೂಜಾರಿ ಸಂಭ್ರಮಪಟ್ಟ. ನನ್ನ ಕಣ್ಣ ಮುಂದೆ ಮನೆಯ ಪಾತ್ರೆಪಡಗ, ಮಗಳ ಮುಖ, ತೆಲುಗಿನಲ್ಲಿ ಜಗಳಾಡಲು ಬಾರದೆ ನಿಂತ ಹೆಂಡತಿ ಎಲ್ಲ ಸಾಲಾಗಿ ಹಾದುಹೋದರು.

ಬಾಯಾರು ಬಿದ್ದ ಎಸಳನ್ನೇ ನೋಡಿದರು. ಮುಖ ಕೆಂಪಾಗಿತ್ತು. ಆಮೇಲೆ ನನ್ನ ಕಡೆ ತಿರುಗಿದರು.

“ನೋಡಿದ್ರೇನ್ರಿ? ಸಣ್ಣಾಕಿ ಇದ್ದಾಗಿಂದ ಇವಗ ಹೂ ತಂದು ಏರಿಸೇನಿ. ಹೋಗಲೇನು ಅಂದರ, ಇರು ಮಗಳ ಅಂತ ಒಂದು ಮಾತಿಲ್ಲ. ನಾ ಕೇಳಿ ಮುಗಿಸೂತನಕಾನೂ ತಡೀಲಿಲ್ಲ. ನೀವು ನೋಡಿದರ ನನ್ನ ಸಲುವಾಗಿ ಮೀನಿನ ಪ್ಯಾಟಿಗೆ ಹೋಗಿ ಬಂದೀರಿ.”

ಕಣ್ಣು ಒರೆಸಿಕೊಂಡು, ಹೋಗುವುದಿಲ್ಲ, ನಡೀರಿ ಎಂದರು. ಪೂಜಾರಿ ಎಸಳು ಹಿಡಿದ ಕೈ ಹಿಡಿದಂತೆಯೇ ನಿಂತ. ದೇವರ ಅಪ್ಪಣೆ ಮೀರಬಾರದಲ್ಲ ಎಂಬ ಅಳುಕು ನನಗೂ ಇತ್ತು. ಖರೇ ಹೇಳಬೇಕೆಂದರೆ ಅದಕ್ಕಿಂತ ಸಂತೋಷ ಹೆಚ್ಚಿತ್ತು. ಮೆಟ್ಟಿಲು ಇಳಿಯುವ ಮೊದಲು ಬಾಯಾರು ಮತ್ತೆ ಒಳಗೆ ಹೋಗಿ, ಕೈ ಮುಗಿದು, ಏನೋ ಹೇಳಿ ಬಂದರು.

ಜೀಪಿನಲ್ಲಿ ಕುಳಿತ ಮೇಲೆ, ದೇವರ ಸಿಟ್ಟು ಒಳ್ಳೆಯದಲ್ಲ ಬಾಯಾರೇ, ಏನು ಹೇಳಿ ಸಮಾಧಾನ ಮಾಡಿದಿರಿ ಎಂದು ಕೇಳಿದೆ.

“ನನ್ನ ಮ್ಯಾಲ ಯಾಕ ಸಿಟ್ಟಾಗತಾನ್ರಿ? ನೀನೇನೋ ಹೋಗು ಅಂದಿ, ನಾನೂ ತಯಾರ ಅದೇನಿ, ಆದರ ಇಲ್ಲಿ ಬಾಗಲದಾಗ ನಿಂತಾರಲ್ಲಾ ವಿಭೂತಿ ಹಚಗೊಂಡು, ಈ ಸಾಹೇಬರು ಬಿಡವಲ್ಲರು ಅಂತ ಹೇಳಿ ಬಂದೇನಿ.”

ಹಿರಿಯ ಸಾಹೇಬರಿಗೆ ಸುದ್ದಿ ಮುಟ್ಟಿಸಿದಾಗ ಅವರು ಕುರ್ಚಿಯಿಂದ ಎದ್ದು ನನ್ನ ಬೆನ್ನು ತಟ್ಟಿದರು. ಮನೆಯಲ್ಲಿ ಹೆಂಡತಿ ಅಂದು ಹೋಳಿಗೆ ಮಾಡಿದಳು. ಬಾಯಾರು ಈಗ ಅಕ್ಕಸಾಲಿಗನಿಗೆ ಪಕ್ಕದಲ್ಲೇ ಕೂತು ಕೆಲಸ ಕಲಿಸುತ್ತಿದ್ದಾರೆ. ನಾನು ಮಾತ್ರ ಅಂದಿನಿಂದ ಪ್ರತಿ ಸೋಮವಾರ ಆ ದೇವರ ಮುಂದೆ ಕೈ ಮುಗಿದು ನಿಂತು, ಇದರಲ್ಲಿ ನನ್ನದೇನೂ ಇಲ್ಲ ತಂದೆ, ಬಿಡಬೇಡ ಅಂದವರು ನಮ್ಮ ಹಿರಿಯ ಸಾಹೇಬರು, ಅವರು ಮೈಸೂರು ಕಡೆಯವರು, ಗುಡ್ಡದ ಮೇಲಿನ ಕಚೇರಿಯಲ್ಲಿ ಎಡಗಡೆಯ ಮೊದಲನೇ ಕೋಣೆಯಲ್ಲಿ ಕೂಡುತ್ತಾರೆ ಎಂದು ವಿವರವಾಗಿ ಹೇಳಿ ಬರುತ್ತಿದ್ದೇನೆ.